ಹಳೆಯ ಡಚ್ ಪೆಟ್ಟಿಗೆಯಲ್ಲಿ 'ಕ್ರಿಸ್ಟಾಲ್ ಡೆಫೆಕ್ಟ್' ಎಂಬ ಚೀಟಿ: ಯಾವ ಕ್ರಿಸ್ಟಲ್ ಬದಲಿಸಬೇಕು?

ಐಂಡ್‌ಹೋವನ್ ಕನ್ನಡಿಗ:
ಇಲ್ಲಿನ ಹಳೆಯ ಸಾಮಾನಿನ ಸಂತೆಯಲ್ಲಿ ಕೊಂಡ ಪೆಟ್ಟಿಗೆ. ವಾಲ್ವ್ (ಗಾಜಿನ ಕೊಳವೆ) ಬೆಳಗುತ್ತದೆ, ಸ್ಪೀಕರ್‌ನಲ್ಲಿ ಸಣ್ಣ ಹಮ್ ಇದೆ, ಹಾಡು ಮಾತ್ರ ಇಲ್ಲ. ಒಳಗಿನ ಚೀಟಿಯಲ್ಲಿ 'ಕ್ರಿಸ್ಟಾಲ್ ಡೆಫೆಕ್ಟ್', ಅಂದರೆ ಕ್ರಿಸ್ಟಲ್ (ಹರಳು) ಕೆಟ್ಟಿದೆ ಎಂದಿದೆ. ಅಂಗಡಿಯವರು ಕ್ರಿಸ್ಟಲ್ ಎಂದು ಎರಡು ಕಾಲಿನ ಲೋಹದ ಡಬ್ಬಿ ಕೊಟ್ಟರು. ಅದನ್ನು ಕೂರಿಸಲು ಜಾಗವೇ ಇಲ್ಲ. ತಲೆ ಕೆಟ್ಟುಹೋಗಿದೆ.

ಕಂಪನಾಂಕ:
ಕ್ವಾರ್ಟ್ಸ್ ಆಸಿಲೇಟರ್ (ಹರಳಿನಿಂದ ಸ್ಥಿರ ಕಂಪನ ಹುಟ್ಟಿಸುವ ಭಾಗ) ಸತ್ತಿದೆ. ಹಳೆಯದರ ಮೇಲೆ ಎಷ್ಟು ಮೆಗಾಹರ್ಟ್ಸ್ ಎಂದು ಬರೆದಿದೆ?

ವಾಲ್ವ್‌ಮನೆ:
ಆ ಕಾಲದ ಮನೆ ರೇಡಿಯೊಗಳು ಕಾಯಿಲ್ (ತಂತಿ ಸುರುಳಿ) ಮತ್ತು ಸ್ಟೇಷನ್ ಹಿಡಿಯಲು ತಿರುಗಿಸುವ ಗ್ಯಾಂಗ್ ಕಂಡೆನ್ಸರ್‌ನಿಂದಲೇ ನಡೆಯುತ್ತಿದ್ದವು, ಕ್ವಾರ್ಟ್ಸ್ ಎಲ್ಲಿಂದ ಬರಬೇಕು? ಜರ್ಮೇನಿಯಂ ಡಯೋಡನ್ನೂ ಕ್ರಿಸ್ಟಲ್ ಎನ್ನುತ್ತಿದ್ದರು. ಓಎ79 ಎಂಬ ಅಂಥ ಡಯೋಡ್ ಇದೆಯೇ ನೋಡಿ. ಅಂದಹಾಗೆ, ಸೀರೀಸ್ ಬಲ್ಬ್ (ಹೆಚ್ಚು ಕರೆಂಟ್ ಹರಿಯದಂತೆ ತಡೆಯಲು ಸಾಲಿನಲ್ಲಿ ಜೋಡಿಸುವ ಬಲ್ಬ್) ಇಲ್ಲದೆ ಪ್ಲಗ್ ಹಾಕಿದಿರಾ?

ಕಂಪನಾಂಕ:
ಸೀರೀಸ್ ಬಲ್ಬ್ ಎಲ್ಲದಕ್ಕೂ ಮದ್ದಲ್ಲ. ಮೊದಲು ಕಂಪನ ಎಣಿಸುವ ಫ್ರೀಕ್ವೆನ್ಸಿ ಕೌಂಟರ್ ಹಚ್ಚಲಿ.

ವಾಲ್ವ್‌ಮನೆ:
ಟ್ರಾನ್ಸ್‌ಫಾರ್ಮರ್ ಸುಟ್ಟ ಮೇಲೆ ಯಾವ ಕೌಂಟರ್ ಹಚ್ಚುತ್ತೀರಿ?

ಐಂಡ್‌ಹೋವನ್ ಕನ್ನಡಿಗ:
ರೇಡಿಯೊ ಎಂದು ಯಾರು ಹೇಳಿದರು? ರೆಕಾರ್ಡ್ ಪ್ಲೇಯರ್! ತಟ್ಟೆ ಚೆನ್ನಾಗಿಯೇ ತಿರುಗುತ್ತದೆ.

ಮುಳ್ಳುಮೊನೆ:
ಹಾಗಾದರೆ ಚೀಟಿ ಹೇಳುತ್ತಿರುವುದು ಟೋನ್‌ಆರ್ಮ್ ತುದಿಯ ಕಾರ್ಟ್ರಿಜ್, ಅಂದರೆ ಮುಳ್ಳಿನ ಅಲುಗಾಟವನ್ನು ವಿದ್ಯುತ್ತಾಗಿಸುವ ಭಾಗದ ವಿಷಯ. ಅದರೊಳಗಿನ ಹರಳು ರೋಶೆಲ್ ಲವಣ, ಅಂದರೆ ಪೊಟ್ಯಾಸಿಯಂ ಸೋಡಿಯಂ ಟಾರ್ಟರೇಟ್. ತೇವ ತಗಲಿದರೆ ಕರಗುತ್ತದೆ, ತೀರಾ ಒಣಗಿದರೆ ಪುಡಿಯಾಗುತ್ತದೆ, ಸುಮಾರು 55 ಡಿಗ್ರಿ ಸೆಲ್ಸಿಯಸ್‌ಗೆ ಕೆಟ್ಟೇಹೋಗುತ್ತದೆ. ಬೆಸುಗೆ ಕಡ್ಡಿಯನ್ನು ಹತ್ತಿರ ತರಬೇಡಿ. ಕಾರ್ಟ್ರಿಜ್‌ನ ತಂತಿ ಕಳಚಿ, ರೆಕಾರ್ಡ್ ತಿರುಗುವಾಗ ಅದರ ಪಿನ್‌ಗಳ ನಡುವೆ ಡಿಜಿಟಲ್ ಮೀಟರ್‌ನಲ್ಲಿ ಎಸಿ ಮಿಲಿವೋಲ್ಟ್ ನೋಡಿ. ಬದುಕಿದ್ದರೆ ನೂರಾರು ತೋರಿಸುತ್ತದೆ. ಷಾಸಿ (ಒಳಗಿನ ಲೋಹದ ಚೌಕಟ್ಟು) ಮುಟ್ಟಬೇಡಿ, ಕೆಲವು ಪ್ಲೇಯರ್‌ಗಳಲ್ಲಿ ಅದಕ್ಕೇ ಮೇನ್ಸ್ ಬರುತ್ತದೆ.

ಕಂಪನಾಂಕ:
ಮೋಟರಿಗೆ ಕ್ವಾರ್ಟ್ಸ್ ಲಾಕ್ (ಹರಳಿನಿಂದ ವೇಗ ಕಾಯುವ ವ್ಯವಸ್ಥೆ) ಇರಬಹುದಲ್ಲ?

ಮುಳ್ಳುಮೊನೆ:
ಅದು ಎಪ್ಪತ್ತರ ದಶಕದಲ್ಲಿ ಬಂದದ್ದು. ವಾಲ್ವ್ ಪ್ಲೇಯರ್‌ನಲ್ಲಿ ಇರಲು ಸಾಧ್ಯವಿಲ್ಲ.

ಗೆಲೀನಾ ಗೆಳೆಯ:
ಹರಳಿನ ಮಾತು ಬಂತೆಂದು ಹೇಳುತ್ತೇನೆ: ಮಲ್ಲೇಶ್ವರದಲ್ಲಿ ನನ್ನ ಗೆಲೀನಾ ಸೆಟ್ (ಸೀಸದ ಅದಿರಿನ ಹರಳಿನ ರೇಡಿಯೊ) ಬ್ಯಾಟರಿಯೇ ಇಲ್ಲದೆ 612 ಕಿಲೋಹರ್ಟ್ಸ್‌ನ ಬೆಂಗಳೂರು ಆಕಾಶವಾಣಿಯನ್ನು ಹಿಡಿಯುತ್ತದೆ. ಕಾಯಿಲ್ ಕೂಡ ನಾನೇ ಸುತ್ತಿದ್ದು.

ಐಂಡ್‌ಹೋವನ್ ಕನ್ನಡಿಗ:
ಮೀಟರ್ ಸೊನ್ನೆ ತೋರಿಸುತ್ತಿದೆ. ಮ್ಯಾಗ್ನೆಟಿಕ್ ಕಾರ್ಟ್ರಿಜ್ ಹಾಕಬಹುದೇ?

ಮುಳ್ಳುಮೊನೆ:
ಬೇಡ, ಅದು ಕೊಡುವುದು ಕೆಲವೇ ಮಿಲಿವೋಲ್ಟ್, ನಿಮ್ಮ ಆಂಪ್ಲಿಫಯರ್‌ಗೆ ಸಾಲದು. ಸೆರಾಮಿಕ್ ಕಾರ್ಟ್ರಿಜ್ ಹಾಕಿ, ಸದ್ದು ತುಸು ತಗ್ಗಬಹುದು, ತೇವಕ್ಕೆ ಮಾತ್ರ ಹೆದರಬೇಕಿಲ್ಲ. ನಿಮಿಷಕ್ಕೆ 78 ಸುತ್ತಿನ ಹಳೆಯ ರೆಕಾರ್ಡ್ ನುಡಿಸುತ್ತೀರಾದರೆ ದಪ್ಪ ಮೊನೆಯ ಮುಳ್ಳೂ ಬೇಕು. ಯಾವ ರೆಕಾರ್ಡ್‌ಗಳಿವೆ?

ವಾಲ್ವ್‌ಮನೆ:
ಗೆಲೀನಾ ಗೆಳೆಯರೇ, ಕಾಯಿಲ್‌ಗೆ ಎಷ್ಟು ಗೇಜ್ (ದಪ್ಪದ ಅಳತೆ) ತಂತಿ ಬಳಸಿದಿರಿ?