ಅಮ್ಮನಿಗೆ ಕಾಯಿಲೆಯ ಹೆಸರು ಹೇಳಿಲ್ಲ. ಆಪ್ತಸಮಾಲೋಚನೆಗೆ ಕರೆದುಕೊಂಡು ಹೋಗುವುದು ಹೇಗೆ?

ಪ್ರಶ್ನೆ: ತೋಟದಮನೆ

ನಮ್ಮದು ತಿಪಟೂರಿನ ಕಡೆಯ ಹಳ್ಳಿ. 61 ವರ್ಷದ ನನ್ನ ಅಮ್ಮನಿಗೆ ಅಂಡಾಶಯದ ಕ್ಯಾನ್ಸರ್ ಮೂರನೆಯ ಹಂತದಲ್ಲಿದೆ ಎಂದು ಮೂರು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಗೊತ್ತಾಯಿತು. ಮೊದಲು ಮೂರು ಸುತ್ತು ಕೀಮೋ, ಆಮೇಲೆ ಶಸ್ತ್ರಚಿಕಿತ್ಸೆ, ಮತ್ತೆ ಮೂರು ಸುತ್ತು ಎಂದು ವೈದ್ಯರು ಹೇಳಿದ್ದಾರೆ. ಎರಡು ಸುತ್ತು ಮುಗಿದಿವೆ. ಅಮ್ಮನಿಗೆ ನಾವು ಹೇಳಿರುವುದು ‘ಗರ್ಭಕೋಶದಲ್ಲಿ ಗಡ್ಡೆ’ ಎಂದು ಮಾತ್ರ. ಕೂದಲು ಉದುರಿದಾಗ ಔಷಧಿಯ ಉಷ್ಣ ಎಂದೆವು. ಅವರು ಏನನ್ನೂ ಕೇಳಲಿಲ್ಲ, ಆದರೆ ಅಂದಿನಿಂದ ಮಾತು ಕಡಿಮೆಯಾಗಿದೆ, ಪ್ರತಿ ಕೀಮೋ ಆದ ಮೇಲೆ ಎರಡು ರಾತ್ರಿ ಕಣ್ಣು ಮುಚ್ಚುವುದಿಲ್ಲ.

ಕಳೆದ ಬಾರಿ ವೈದ್ಯರು ಆಪ್ತಸಮಾಲೋಚಕರನ್ನು ಒಮ್ಮೆ ಕಾಣಿ ಎಂದು ಚೀಟಿ ಬರೆದುಕೊಟ್ಟರು. ಅಣ್ಣ ಅದನ್ನು ಜೇಬಿಗೆ ಸೇರಿಸಿ, ‘ಅಮ್ಮನಿಗೇನು ಹುಚ್ಚು ಹಿಡಿದಿದೆಯೇ, ಅಲ್ಲಿ ಹೋದರೆ ಎಲ್ಲವನ್ನೂ ಬಾಯಿಬಿಟ್ಟು ಹೇಳಿಬಿಡುತ್ತಾರೆ, ಅಮ್ಮ ಅಲ್ಲೇ ಕುಸಿಯುತ್ತಾರೆ’ ಎಂದು ಸಿಟ್ಟಾದ. ಇದರ ನಡುವೆ ಅತ್ತಿಗೆ ಅಮ್ಮನ ತಟ್ಟೆ ಲೋಟಗಳನ್ನು ಬೇರೆ ಇಟ್ಟಿದ್ದಾರೆ, ಒಂಬತ್ತು ವರ್ಷದ ನನ್ನ ಮಗ ಅಜ್ಜಿಯ ಪಕ್ಕದಲ್ಲಿ ಮಲಗಬಹುದೇ ಎಂದು ಕೇಳುತ್ತಿದ್ದಾನೆ. ಅಲ್ಲಿ ನಿಜಕ್ಕೂ ಏನು ಮಾಡುತ್ತಾರೆ? ಅಮ್ಮನನ್ನು ಕರೆದುಕೊಂಡು ಹೋಗಲೇ, ಬೇಡವೇ?

ಉತ್ತರ 1: ಒಪಿಡಿ ಪಕ್ಕದ ಕೋಣೆ

ನಾನು ಕ್ಯಾನ್ಸರ್ ವಿಭಾಗವೊಂದರಲ್ಲಿ ಹನ್ನೊಂದು ವರ್ಷಗಳಿಂದ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಅಣ್ಣನ ಮಾತನ್ನು ವಾರಕ್ಕೆ ನಾಲ್ಕು ಬಾರಿಯಾದರೂ ಕೇಳುತ್ತೇನೆ; ಅದರಲ್ಲಿ ಪ್ರೀತಿಯೇ ಇದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅವರು ಹೆದರಿರುವ ಸಂಗತಿ ನಮ್ಮ ಕೋಣೆಯಲ್ಲಿ ನಡೆಯುವುದಿಲ್ಲ. ರೋಗಿ ಕುಳಿತ ಕೂಡಲೇ ರೋಗದ ಹೆಸರು, ಹಂತ, ಉಳಿದ ಆಯಸ್ಸು ಎಂದು ಒಪ್ಪಿಸುವ ಕೆಲಸ ನಮ್ಮದಲ್ಲ. ಕಹಿ ಸುದ್ದಿಯನ್ನು ತಿಳಿಸುವುದಕ್ಕೆ ವೈದ್ಯರು ಅನುಸರಿಸುವ, 2000ನೇ ಇಸವಿಯಲ್ಲಿ ಪ್ರಕಟವಾದ ಆರು ಹಂತಗಳ ಕ್ರಮವೊಂದಿದೆ. ಅದರಲ್ಲಿ ಸುದ್ದಿ ಹೇಳುವುದು ಬರುವುದೇ ನಾಲ್ಕನೆಯದಾಗಿ. ಅದಕ್ಕೂ ಮೊದಲು ಏಕಾಂತದ ಜಾಗ ಮಾಡಿಕೊಳ್ಳಬೇಕು, ‘ನಿಮಗೆ ಏನಾಗಿದೆ ಎಂದು ನೀವು ತಿಳಿದುಕೊಂಡಿದ್ದೀರಿ?’ ಎಂದು ಕೇಳಬೇಕು, ಬಳಿಕ ಇನ್ನೆಷ್ಟು ತಿಳಿಯಲು ಇಷ್ಟವಿದೆ ಎಂದು ವಿಚಾರಿಸಬೇಕು. ‘ನನಗೆ ಬೇಡ, ಮಗನಿಗೆ ಹೇಳಿ’ ಎಂದರೆ ಅಲ್ಲಿಗೇ ನಿಲ್ಲಿಸುತ್ತೇವೆ. ಆದರೆ ಆ ಮಾತು ಅಮ್ಮನ ಬಾಯಿಂದಲೇ ಬರಬೇಕು, ಅಮ್ಮನ ಪರವಾಗಿ ಮಕ್ಕಳು ಹೇಳಿದರೆ ಅದು ಬೇರೆಯೇ ಆಗುತ್ತದೆ.

ಆದ್ದರಿಂದ ಮೊದಲ ಭೇಟಿಗೆ ಅಮ್ಮನನ್ನು ಕರೆತರಲೇಬೇಕೆಂದಿಲ್ಲ; ನೀವೂ ಅಣ್ಣನೂ ಬನ್ನಿ. ಬಚ್ಚಿಡುವ ಮನೆಗಳಲ್ಲಿ ಬಚ್ಚಿಡುವವರೇ ಹೆಚ್ಚು ದಣಿದಿರುತ್ತಾರೆ ಎಂಬುದು ನನ್ನ ಅನುಭವ. ವರದಿಯ ಕಡತವನ್ನು ಬೀರುವಿನ ಮೇಲಿಡಬೇಕು, ಫೋನು ಬಂದರೆ ಹಿತ್ತಿಲಿಗೆ ಹೋಗಿ ಮಾತನಾಡಬೇಕು, ನೋಡಲು ಬಂದ ನೆಂಟರಿಗೆ ಬಾಗಿಲಲ್ಲೇ ಎಚ್ಚರಿಕೆ ಹೇಳಬೇಕು, ಅಳು ಬಂದರೆ ಬಚ್ಚಲಿಗೆ ಹೋಗಬೇಕು. ಇಷ್ಟೆಲ್ಲದರ ನಡುವೆ ಕ್ಯಾನ್ಸರ್ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಫಲಕದ ಕೆಳಗೇ ಅಮ್ಮನನ್ನು ತಾಸುಗಟ್ಟಲೆ ಕೂರಿಸಿರುತ್ತೇವೆ! ಈ ಹೊರೆಯನ್ನು ಇಳಿಸುವ ದಾರಿಯನ್ನು ಮೊದಲು ನಿಮ್ಮಿಬ್ಬರೊಂದಿಗೇ ಹುಡುಕಬೇಕು.

ನಿದ್ರೆಯ ವಿಷಯವನ್ನು ಕೀಮೋ ಕೊಡುವ ವೈದ್ಯರಿಗೂ ತಪ್ಪದೆ ಹೇಳಿ. ಅಂಡಾಶಯದ ಕ್ಯಾನ್ಸರಿಗೆ ಸಾಮಾನ್ಯವಾಗಿ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಔಷಧಿಯಿಂದ ಅಲರ್ಜಿ ಆಗದಿರಲೆಂದು ಮೊದಲೇ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ; ಅದು ಒಂದೆರಡು ರಾತ್ರಿ ನಿದ್ರೆಯನ್ನು ಕೆಡಿಸಬಲ್ಲದು, ಕೆಲವರಲ್ಲಿ ಸಿಡುಕನ್ನೂ ತರುತ್ತದೆ. ಕೀಮೋ ಆದ ರಾತ್ರಿಗಳಲ್ಲಷ್ಟೇ ನಿದ್ರೆ ಹೋಗುತ್ತಿದ್ದರೆ ಅದು ಪೂರ್ತಿ ಚಿಂತೆಯಿಂದಲೇ ಎಂದು ತೀರ್ಮಾನಿಸುವುದು ಬೇಡ. ನಾವು ಸೊನ್ನೆಯಿಂದ ಹತ್ತರವರೆಗೆ ಗುರುತುಗಳಿರುವ, ಥರ್ಮಾಮೀಟರಿನಂತಹ ಚಿತ್ರವೊಂದನ್ನು ತೋರಿಸಿ, ಕಳೆದ ವಾರ ಮನಸ್ಸಿನ ಸಂಕಟ ಎಷ್ಟಿತ್ತು ಎಂದು ಕೇಳುತ್ತೇವೆ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚಾದರೆ ಕಾರಣವನ್ನು ಬಿಡಿಸಿ ನೋಡುತ್ತೇವೆ. ನೋವಿರಬಹುದು, ಹಣದ ಚಿಂತೆಯಿರಬಹುದು, ಖಿನ್ನತೆಯೂ ಇರಬಹುದು. ಖಿನ್ನತೆಯಾದರೆ ಬರಿಯ ಮಾತು ಸಾಲದು, ಮನೋವೈದ್ಯರಿಗೆ ಕಳುಹಿಸುತ್ತೇವೆ.

ಕ್ಯಾನ್ಸರ್ ಅಂಟುರೋಗವಲ್ಲ. ಅತ್ತಿಗೆಯವರನ್ನು ದೂರುವುದಕ್ಕಿಂತ ಅವರನ್ನೂ ಒಮ್ಮೆ ಕರೆತನ್ನಿ, ಏಕೆಂದರೆ ಮನೆಯಲ್ಲಿ ಯಾರೂ ರೋಗದ ಹೆಸರನ್ನೇ ಎತ್ತದಿರುವಾಗ ಅವರ ಅನುಮಾನವನ್ನು ತೀರಿಸುವವರಾದರೂ ಯಾರು? ಮಗ ಅಜ್ಜಿಯ ಪಕ್ಕದಲ್ಲಿ ಮಲಗಲಿ. ನೆಗಡಿ ಜ್ವರ ಇರುವ ದಿನ ಮಾತ್ರ ಅವನೇ ದೂರವಿರಲಿ. ಕೀಮೋದಿಂದ ಬಿಳಿ ರಕ್ತಕಣಗಳು ಇಳಿದಿರುವಾಗ ಅವನ ನೆಗಡಿ ಅಜ್ಜಿಗೆ ಅಪಾಯ. ಈ ವಯಸ್ಸಿನ ಮಕ್ಕಳು ಎಷ್ಟೋ ಸಲ ತಮ್ಮ ತುಂಟತನದಿಂದಲೇ ಹೀಗಾಯಿತು ಎಂದುಕೊಂಡಿರುತ್ತಾರೆ. ಹಾಗಲ್ಲ ಎಂದು ಅವನಿಗೆ ಬಾಯಿಬಿಟ್ಟು ಹೇಳಿ.

ಉತ್ತರ 2: ಹಳೇಪೇಟೆ

ನಮ್ಮ ಅಪ್ಪನಿಗೆ ಕೆನ್ನೆಯ ಒಳಭಾಗದ ಕ್ಯಾನ್ಸರ್ ಆಗಿತ್ತು. ನಲವತ್ತು ವರ್ಷದ ಎಲೆ-ಅಡಿಕೆ-ಹೊಗೆಸೊಪ್ಪಿನ ಅಭ್ಯಾಸ. ಬಾಯಿಹುಣ್ಣು ಎಂದು ಹೇಳಿ ಶಸ್ತ್ರಚಿಕಿತ್ಸೆ ಮಾಡಿಸಿ, ಆಮೇಲೆ ಕರೆಂಟು (ವಿಕಿರಣ ಚಿಕಿತ್ಸೆ) ಕೊಡಿಸುವಾಗಲೂ ಅದೇ ಸುಳ್ಳನ್ನು ಮುಂದುವರಿಸಿದೆವು. ವಾರ್ಡಿನಲ್ಲಿ ಪಕ್ಕದ ಮಂಚದವರು ಸಹಜವಾಗಿ ‘ನಿಮ್ಮದು ಎಷ್ಟನೇ ಸ್ಟೇಜು ಯಜಮಾನರೇ?’ ಎಂದು ಕೇಳಿದಾಗಲೇ ಅಪ್ಪನಿಗೆ ಗೊತ್ತಾದದ್ದು. ಅಂದು ಅವರು ಅಳಲಿಲ್ಲ. ನಮ್ಮೊಂದಿಗೆ ಮಾತು ಬಿಟ್ಟರು. ನಾವು ತಂದ ಗಂಜಿಯನ್ನು ಬಿಟ್ಟು ನರ್ಸಮ್ಮ ಕೊಟ್ಟದ್ದನ್ನು ಕುಡಿದರು. ಆ ಆಸ್ಪತ್ರೆಯಲ್ಲಿ ಸಮಾಲೋಚಕರು ಇದ್ದರೋ ಇಲ್ಲವೋ, ನಮಗಂತೂ ಯಾರೂ ಸೂಚಿಸಲಿಲ್ಲ. ನಿಮ್ಮ ವೈದ್ಯರು ಚೀಟಿ ಬರೆದುಕೊಟ್ಟಿದ್ದಾರೆ ತಂಗಿ, ಅಣ್ಣನ ಜೇಬಿನಿಂದ ಅದನ್ನು ಹೊರಗೆ ತೆಗೆಸಿ.

ಉತ್ತರ 3: ಲೆಕ್ಕಪತ್ರ

ಒರಟಾಗಿ ಕಂಡರೆ ಕ್ಷಮಿಸಿ. ಸಮಾಲೋಚನೆಯಿಂದ ಆಯಸ್ಸು ಹೆಚ್ಚುತ್ತದೆಯೇ? ‘ಮನಸ್ಸು ಗಟ್ಟಿ ಮಾಡಿಕೊಂಡರೆ ಕ್ಯಾನ್ಸರ್ ಗೆಲ್ಲಬಹುದು’ ಎಂಬ ಸಂದೇಶಗಳು ವಾಟ್ಸಾಪಿನಲ್ಲಿ ದಿನವೂ ಬರುತ್ತವೆ. ನನ್ನ ಸೋದರಮಾವ ತೀರಿಕೊಂಡಾಗ ಅವರ ಮನಸ್ಸು ಗಟ್ಟಿಯಿರಲಿಲ್ಲ ಎಂದವರೂ ಇದ್ದಾರೆ. ಬೆಂಗಳೂರಿಗೆ ಹೋಗಿಬರುವುದಕ್ಕೆ ಒಂದು ದಿನದ ಕೂಲಿಯನ್ನು ಕಳೆದುಕೊಳ್ಳುವವರಿಗೆ ಇದರಿಂದ ಏನು ಪ್ರಯೋಜನ?

ಉತ್ತರ 4: ಒಪಿಡಿ ಪಕ್ಕದ ಕೋಣೆ

ಒರಟಲ್ಲ, ಕೇಳಬೇಕಾದ ಪ್ರಶ್ನೆಯೇ. ಅಮೆರಿಕದ ಡೇವಿಡ್ ಸ್ಪೀಗಲ್ ಮತ್ತು ಸಂಗಡಿಗರು 1989ರಲ್ಲಿ, ಸ್ತನದ ಕ್ಯಾನ್ಸರ್ ದೇಹದ ಬೇರೆಡೆಗೆ ಹರಡಿದ್ದ 86 ಮಹಿಳೆಯರ ಅಧ್ಯಯನವನ್ನು ಪ್ರಕಟಿಸಿ, ಗುಂಪು ಸಮಾಲೋಚನೆ ಪಡೆದವರು ಹೆಚ್ಚು ಕಾಲ ಬದುಕಿದರು ಎಂದಿದ್ದರು. 2001ರಲ್ಲಿ ಕೆನಡಾದಿಂದ ಬಂದ, 235 ಮಹಿಳೆಯರ ಅಧ್ಯಯನದಲ್ಲಿ ಆಯಸ್ಸು ಹೆಚ್ಚಿದ್ದು ಕಾಣಲಿಲ್ಲ. ಆದರೆ ಮನಸ್ಸಿನ ಸಂಕಟವೂ ನೋವಿನ ಅನುಭವವೂ ಕಡಿಮೆಯಾಗಿದ್ದವು, ಅದೂ ಮೊದಲೇ ಹೆಚ್ಚು ಸಂಕಟದಲ್ಲಿದ್ದವರಲ್ಲಿ. ಸ್ಪೀಗಲ್ ಅವರೇ 2007ರಲ್ಲಿ ಪ್ರಕಟಿಸಿದ ಮರುಪರೀಕ್ಷೆಯಲ್ಲಿಯೂ ಒಟ್ಟಾರೆ ಆಯಸ್ಸಿನಲ್ಲಿ ವ್ಯತ್ಯಾಸ ಸಿಗಲಿಲ್ಲ. ಆದ್ದರಿಂದ ಆಯಸ್ಸಿನ ಭರವಸೆ ಕೊಡುವ ಸಮಾಲೋಚಕರು ಸಿಕ್ಕರೆ ಎದ್ದು ಬನ್ನಿ. ನಿಮ್ಮ ಸೋದರಮಾವನ ಮನಸ್ಸಿನ ಮೇಲೆ ತಪ್ಪು ಹೊರಿಸಿದವರ ಮಾತಿಗೆ ಆಧಾರವಿಲ್ಲ. ಅದು ಸತ್ತವರಿಗೂ ಉಳಿದವರಿಗೂ ಮಾಡುವ ಅನ್ಯಾಯ.

ಪ್ರಯಾಣದ ಮಾತು ನಿಜ. ಸಮಾಲೋಚನೆಯನ್ನು ಕೀಮೋ ದಿನಕ್ಕೇ ಹೊಂದಿಸಿಕೊಡಿ ಎಂದು ಕೇಳಿ. ಊರಿನಲ್ಲಿರುವಾಗ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಎನ್ನದೆ ಉಚಿತವಾಗಿ ಕರೆ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಸೇವೆಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. ರೋಗವನ್ನು ಗುಣಪಡಿಸುವ ಚಿಕಿತ್ಸೆಯೇ ಉಳಿದಿಲ್ಲ ಎಂದಾದವರಿಗೆ ಬೆಂಗಳೂರಿನ ಮಾರತ್ತಹಳ್ಳಿಯ ಕಡೆ ಇರುವ ಕರುಣಾಶ್ರಯ ಹಣ ಪಡೆಯದೆ ಆರೈಕೆ ಮಾಡುತ್ತದೆ. ಪ್ರಶ್ನೆ ಕೇಳಿದವರ ಅಮ್ಮ ಆ ಸ್ಥಿತಿಯಲ್ಲಿಲ್ಲ. ಓದುತ್ತಿರುವ ಬೇರೆಯವರಿಗೆ ಬೇಕಾಗಬಹುದೆಂದು ಬರೆದೆ.

ತೋಟದಮನೆ (ಮೂರು ವಾರಗಳ ನಂತರ)

ಎಲ್ಲರಿಗೂ ನಮಸ್ಕಾರ. ಮೊದಲು ನಾನೂ ಅಣ್ಣನೂ ಹೋದೆವು. ಅಣ್ಣ ಅರ್ಧ ಗಂಟೆ ಸುಮ್ಮನೆ ಕುಳಿತಿದ್ದು, ಆಮೇಲೆ ನನಗಿಂತ ಹೆಚ್ಚು ಮಾತನಾಡಿದ. ಮೂರನೆಯ ಕೀಮೋ ದಿನ ಅಮ್ಮನೂ ಬಂದರು. ಅವರಿಗೆ ಏನು ಗೊತ್ತಿದೆ ಎಂದು ಸಮಾಲೋಚಕರು ಕೇಳಿದಾಗ ಅಮ್ಮ ರೋಗದ ಮಾತನ್ನೇ ಎತ್ತದೆ, ‘ಇವರು ಔಷಧಿಯ ಖರ್ಚಿಗೆ ತೋಟ ಮಾರಿದ್ದಾರೆ, ಅದನ್ನೇ ನನ್ನಿಂದ ಮುಚ್ಚಿಡುತ್ತಿದ್ದಾರೆ’ ಎಂದರು. ನಮ್ಮ ಪಿಸುಮಾತು, ಬೀರುವಿನ ಮೇಲಿನ ಕಡತ, ಹಿತ್ತಿಲಿನ ಫೋನುಗಳನ್ನು ಅವರು ಹಾಗೆ ಕೂಡಿಸಿಕೊಂಡಿದ್ದರು. ಖರ್ಚಿನ ಬಹುಪಾಲು ಆರೋಗ್ಯ ಕರ್ನಾಟಕದ ಕಾರ್ಡಿನಲ್ಲೇ ಹೋಗುತ್ತಿದೆ ಎಂಬ ಒಂದು ಮಾತನ್ನು ಹೇಳಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಆಮೇಲೆ ಗಡ್ಡೆ ಯಾವ ಬಗೆಯದು ಎಂದು ಅಮ್ಮನೇ ಕೇಳಿದರು, ಸಮಾಲೋಚಕರು ವೈದ್ಯರನ್ನು ಕರೆಸಿ ಹೇಳಿಸಿದರು. ಹಂತದ ಬಗ್ಗೆ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಸ್ಟೀರಾಯ್ಡ್ ಕೊಡುವ ಕ್ರಮವನ್ನು ವೈದ್ಯರು ಸ್ವಲ್ಪ ಬದಲಿಸಿದ್ದಾರೆ. ಎರಡನೆಯ ರಾತ್ರಿ ನಿದ್ರೆ ಬಂತು. ಅಣ್ಣ ತೋಟದ ಪಹಣಿಯನ್ನು ತಂದು ಅಮ್ಮನ ಕೈಗೆ ಕೊಟ್ಟಿದ್ದಾನೆ, ಅವರು ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ. ತಟ್ಟೆ ಇನ್ನೂ ಬೇರೆಯೇ ಇದೆ. ಶಸ್ತ್ರಚಿಕಿತ್ಸೆಗೆ ಮುಂಚಿನ ಭೇಟಿಗೆ ಅತ್ತಿಗೆಯೂ ಬರುವುದಾಗಿ ಒಪ್ಪಿದ್ದಾರೆ.