ಅಪ್‌ಡೇಟ್: ಪಕ್ಕದ ಮನೆಯ ಸ್ಪೀಕರ್ ಗೊರಗೊರ ನಿಂತಿತು

ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ನಾನು ಹ್ಯಾಮ್ ರೇಡಿಯೋದ (ಲೈಸೆನ್ಸ್ ಪಡೆದ ಹವ್ಯಾಸಿಗಳು ಮಾತಾಡುವ ರೇಡಿಯೋ) 40 ಮೀಟರ್ ಬ್ಯಾಂಡಿನಲ್ಲಿ ಮಾತಾಡಿದಾಗೆಲ್ಲ ಪಕ್ಕದ ಮನೆ ಕಾಕೂ ಅವರ ಟಿವಿ ಸ್ಪೀಕರ್ ಗೊರಗೊರ ಅನ್ನುತ್ತದೆ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರ ಕೊಟ್ಟ ಹ್ಯಾಮ್ ಗೆಳೆಯರಿಗೆಲ್ಲ ತುಂಬಾ ಥ್ಯಾಂಕ್ಸ್.

ನೀವು ಹೇಳಿದಂತೆ ಆಂಟೆನಾ ಬಿಚ್ಚಿ, ಸಿಗ್ನಲ್ಲನ್ನು ಹೊರಗೆ ಬಿಡದೆ ಶಾಖವಾಗಿಸುವ ಡಮ್ಮಿ ಲೋಡ್ ಹಾಕಿದೆ. ಗೊರಗೊರ ಇಲ್ಲ. ಅಂದ್ರೆ ಕರೆಂಟ್ ಲೈನಿನಿಂದ ಹೋಗುತ್ತಿಲ್ಲ. ಮೇಲಿನ ಫ್ರೀಕ್ವೆನ್ಸಿಗಳನ್ನು ತಡೆಯುವ ಲೋ ಪಾಸ್ ಫಿಲ್ಟರ್ ಸೇರಿಸಿ ಆಂಟೆನಾ ಹಾಕಿದೆ, ಮತ್ತೆ ಶುರು. ಅಂದ್ರೆ ಹಾರ್ಮೋನಿಕ್ಸ್ (ಮೂಲ ಫ್ರೀಕ್ವೆನ್ಸಿಯ ಎರಡು, ಮೂರು ಪಟ್ಟಿನಲ್ಲಿ ಬರುವ ಬೇಡದ ಸಿಗ್ನಲ್) ಕೂಡ ಅಲ್ಲ.

ಆಮೇಲೆ ಕಾಕೂ ಅವರನ್ನು ಕೇಳಿ ಒಳಗೆ ಹೋಗಿ ನೋಡಿದೆ. ಸ್ಪೀಕರ್ ವೈರ್ ಗೋಡೆಗುಂಟ ಬಾಲ್ಕನಿ ತನಕ ಓಡಿತ್ತು. 40 ಮೀಟರ್ ಬ್ಯಾಂಡಿನ 7 ಮೆಗಾಹರ್ಟ್ಸ್‌ಗೆ ಕಾಲು ತರಂಗ ಅಂದ್ರೆ ಸುಮಾರು 10 ಮೀಟರ್. ಅಷ್ಟುದ್ದದ ವೈರ್ ಒಳ್ಳೆ ಆಂಟೆನಾನೇ ಅಲ್ವಾ? ಅದು ಹಿಡಿದ ಸಿಗ್ನಲ್ಲನ್ನು ಆಂಪ್ಲಿಫೈಯರ್ ಸದ್ದಾಗಿಸುತ್ತಿತ್ತು.

ವೈರಿನಲ್ಲಿ ಬರುವ ರೇಡಿಯೋ ಸಿಗ್ನಲ್ಲನ್ನು ತಡೆಯುವ ಫೆರೈಟ್ ರಿಂಗ್ (31 ಮಿಕ್ಸ್ ಎಂಬ ಬಗೆಯದು) ತಂದು, ಆಂಪ್ಲಿಫೈಯರಿಗೆ ತೀರಾ ಹತ್ತಿರ ವೈರನ್ನು ಬಿಗಿಯಾಗಿ ಸುತ್ತಿದೆ. ಸುತ್ತು ಎರಡು ಪಟ್ಟಾದರೆ ತಡೆ ಹತ್ತಿರಹತ್ತಿರ ನಾಲ್ಕು ಪಟ್ಟು, ಹಾಗಾಗಿ ಸುಮ್ನೆ ಒಂದು ಫೆರೈಟ್ ಕ್ಲಿಪ್ ಹಾಕಿ ಬಿಡಬೇಡಿ. ರೇಡಿಯೋದಿಂದ ಆಂಟೆನಾಗೆ ಹೋಗುವ ನನ್ನ ಕೋಆಕ್ಸ್ ಕೇಬಲ್ಲಿಗೂ ಇಂಥದೇ ತಡೆ, ಅಂದ್ರೆ ಚೋಕ್, ಹಾಕಿದೆ. ನನ್ನ ಡೈಪೋಲ್ ಆಂಟೆನಾದ (ಎರಡು ಬದಿಗೆ ಚಾಚಿದ ತಂತಿ) ತುದಿಯನ್ನು ಅವರ ಬಾಲ್ಕನಿಯಿಂದ ದೂರ ಎಳೆದು ಕಟ್ಟಿದೆ.

ಈಗ ಸದ್ದಿಲ್ಲ. ನನ್ನ ಸಿಗ್ನಲ್ ಶುದ್ಧವಾಗಿತ್ತು, ನಿಜ. ಆದರೂ ಲೈಸೆನ್ಸ್ ತೋರಿಸಿ ವಾದ ಮಾಡೋದಕ್ಕಿಂತ ಇದೇ ಸರಿ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ.

20 ಮೀಟರ್ ಬ್ಯಾಂಡ್ ಇನ್ನೂ ನೋಡಿಲ್ಲ. ಭಾನುವಾರ ಟಿವಿ ಹಾಕಿಟ್ಟು ಕೇಳ್ತೀನಿ ಎಂದು ಕಾಕೂ ಅವರೇ ಹೇಳಿದ್ದಾರೆ. ಏನಾಯಿತೆಂದು ಬರೆಯುತ್ತೇನೆ.