ಹೇಳದೆ ಕೆಲಸ ಮಾಡುವುದನ್ನು ಮಕ್ಕಳಿಗೆ ಕಲಿಸುವುದು ಹೇಗೆ?

ಇಬ್ಬರು ಮಕ್ಕಳ ತಾಯಿ:
ಎಲ್ಲರಿಗೂ ನಮಸ್ಕಾರ. ಮಗನಿಗೆ 15, ಮಗಳಿಗೆ 13. ಹೇಳಿದ ಕೆಲಸಕ್ಕೆ ಇಲ್ಲ ಎನ್ನುವುದಿಲ್ಲ, ಆದರೆ ಪ್ರತಿಯೊಂದನ್ನೂ ಹೇಳಬೇಕು. ನಿನ್ನೆ ಕಸದ ಬುಟ್ಟಿ ಉಕ್ಕಿ ಮುಚ್ಚಳ ಎದ್ದು ನಿಂತಿತ್ತು. ಮಗ ತನ್ನ ಕೈಯಲ್ಲಿದ್ದ ಖಾಲಿ ಡಬ್ಬವನ್ನು ಆ ಮುಚ್ಚಳದ ಮೇಲೆಯೇ ಬೀಳದಂತೆ ಜೋಡಿಸಿಟ್ಟು ಹೋದ. ನಾವಿಬ್ಬರೂ ದುಡಿಯುವವರು, ಇಲ್ಲಿ ಕೈಗೆ ಆಗುವ ಹಿರಿಯರೂ ಇಲ್ಲ. ಇನ್ನು ಮೂರು ವರ್ಷಕ್ಕೆ ಇವನು ಮನೆ ಬಿಟ್ಟು ಓದಲು ಹೋಗುತ್ತಾನೆ ಎಂದು ನೆನೆದರೆ ಎದೆ ಝಲ್ಲೆನ್ನುತ್ತದೆ. ದಾರಿ ತಿಳಿದವರು ಹೇಳಿ.

ಹದಿನೇಳರ ಮಗಳಿರುವವರು:
ಅಕ್ಕ, ಬಿಡಿ ಕೆಲಸ ಹೇಳಬೇಡಿ, ಒಂದು ಕೆಲಸವನ್ನು ಇಡಿಯಾಗಿ ಒಪ್ಪಿಸಿಬಿಡಿ. ನಾನು ಬಟ್ಟೆ ಒಗೆಯುವುದನ್ನು ಕೊಟ್ಟೆ. ಬುಟ್ಟಿ ತುಂಬಿದೆಯೇ ಎಂದು ನೋಡುವುದರಿಂದ ಹಿಡಿದು ಬಿಳಿ, ಬಣ್ಣದ ಬಟ್ಟೆ ಬೇರೆ ಮಾಡಿ, ಮಡಚಿ, ಕಪಾಟಿಗೆ ಸೇರಿಸುವವರೆಗೆ ಎಲ್ಲವೂ ಅವಳದು. ಎರಡು ವಾರ ಜೊತೆಗೆ ನಿಂತು ತೋರಿಸಿದೆ. ಮೂರನೆಯ ವಾರ ಆಟದ ಸಮವಸ್ತ್ರ ಯಂತ್ರದೊಳಗೇ ಉಳಿದು ಮುಗ್ಗಲು ಹಿಡಿಯಿತು. ನನಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಕಷ್ಟವಾದದ್ದು ಅದೊಂದೇ. ಪಂದ್ಯದ ಬೆಳಿಗ್ಗೆ ಅತ್ತುಕೊಂಡೇ ಮತ್ತೆ ಒಗೆದಳು. ಆಮೇಲೆ ಇಂದಿನವರೆಗೆ ನೆನಪಿಸಿದ್ದಿಲ್ಲ.

ಹಿರಿಯ ಸದಸ್ಯರು:
ತಂಗಿ, ರೋಗ ಬುಟ್ಟಿಯಲ್ಲಿಲ್ಲ, ಮೊಬೈಲಿನಲ್ಲಿದೆ. ಅದನ್ನು ಮೊದಲು ಕಿತ್ತಿಡಿ. ಮೂವತ್ತು ವರ್ಷದಿಂದ ಈ ಮಾತು ಹೇಳುತ್ತಿದ್ದೇನೆ: ಮಕ್ಕಳು ನೋಯಬಾರದು ಎಂದು ನಾವೇ ಅವರನ್ನು ಮನೆಯ ಅತಿಥಿಗಳನ್ನಾಗಿ ಮಾಡಿದ್ದೇವೆ. ನಮಗೆ ಯಾರು ಹೇಳಿಕೊಟ್ಟರು? ನೋಡಿ ಕಲಿತೆವು.

ಶಾಲಾ ಶಿಕ್ಷಕಿ:
ಸರ್, ಮೂವತ್ತು ವರ್ಷದ ಹಿಂದೆ ಮೊಬೈಲ್ ಹಿಡಿದ ಮಕ್ಕಳೇ ಇರಲಿಲ್ಲ. ಮುಂದಿನದನ್ನು ಯೋಚಿಸಿ ಯೋಜಿಸುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದು 25ರ ಆಸುಪಾಸಿಗೆ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆಯೂ ಬೇಕು. ಅರೆನಿದ್ದೆಯ ಮಗುವಿಗೆ ತುಂಬಿದ ಬುಟ್ಟಿ ಕಣ್ಣಿಗೇ ಬೀಳದಿದ್ದರೆ ಅದು ಸೊಕ್ಕಲ್ಲ.

ಹಿರಿಯ ಸದಸ್ಯರು:
25ರವರೆಗೆ ಕಾಯಲಾಗದು ಮೇಡಂ. ಮೊಬೈಲ್ ತೆಗೆದು ಒಂದು ವಾರ ನೋಡಿ.

ಇನ್ನೊಬ್ಬ ತಾಯಿ:
ಈ ಚರ್ಚೆ ಓದಿ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಮಗನಿಗೆ 22. ‘ನೀನು ಓದು, ಸಾಕು’ ಎಂದು ಬೆಳೆಸಿದೆ. ಕೆಲಸವನ್ನೆಲ್ಲ ಮಗಳಿಗೇ ಹೇಳುತ್ತಿದ್ದೆ. ಕಳೆದ ತಿಂಗಳು ಅವಳು, ‘ಅಣ್ಣನಿಗೆ ಯಾಕೆ ಒಂದು ದಿನವೂ ಹೇಳಲಿಲ್ಲಮ್ಮ?’ ಎಂದಳು. ಕೋಪದಿಂದ ಕೇಳಿದ್ದರೆ ಸಮಾಧಾನ ಹೇಳಬಹುದಿತ್ತು, ಅವಳು ತಣ್ಣಗೆ ಕೇಳಿದಳು. ನಿಮ್ಮ ಇಬ್ಬರಿಗೂ ಸಮನಾಗಿ ಹಂಚಿ ತಾಯಿ.

ಒಬ್ಬ ತಂದೆ:
ಮೊಬೈಲ್ ವಿಷಯದಲ್ಲಿ ಹಿರಿಯರ ಮಾತೇ ಸರಿ. ನಮ್ಮ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಎಲ್ಲರದೂ ಹೊರಗೆ, ನನ್ನದೂ ಸೇರಿ.

ಇಬ್ಬರು ಮಕ್ಕಳ ತಾಯಿ:
ಮೊಬೈಲ್ ಆಮೇಲೆ ನೋಡುತ್ತೇನೆ. ಇಂದು ರಾತ್ರಿ ಕಸದ ಕೆಲಸವನ್ನು ಪೂರ್ತಿಯಾಗಿ ಮಗನಿಗೆ ಒಪ್ಪಿಸುತ್ತೇನೆ. ಗಾಡಿ ಬರುವ ದಿನವನ್ನೂ ಅವನೇ ನೆನಪಿಡಲಿ. ಒಂದು ವಾರ ತಪ್ಪಿಸಿದರೆ ಆ ವಾಸನೆಯನ್ನು ಏನು ಮಾಡಲಿ?

ಹದಿನೇಳರ ಮಗಳಿರುವವರು:
ಒದ್ದೆ ಕಸವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಹಾಕುವುದನ್ನು ಮೊದಲ ದಿನವೇ ತೋರಿಸಿಕೊಡಿ. ಆಮೇಲೆ ಅಕ್ಕ, ದಯವಿಟ್ಟು ನೀವು ಎತ್ತಲು ಹೋಗಬೇಡಿ. ವಾಸನೆ ಅವನ ಮೂಗಿಗೂ ಬಡಿಯಲಿ.